ಗೆದ್ದೂ ಸೋತವರ ಅರ್ಹತಾ ಸುತ್ತು

ಕೀ ಉತ್ತರ ಹಿಡಿದು ಮೂರು ಸಲ ಲೆಕ್ಕ ಹಾಕಿದ್ದೆ. ಮೂರು ಸಲವೂ ನನ್ನ ಅಂಕ ಹಿಂದಿನ ಬಾರಿಯ ಕಟ್‌ಆಫ್‌ಗಿಂತ ಹನ್ನೊಂದು ಹೆಚ್ಚೇ ಬಂದಿತ್ತು. ವಿಜಯನಗರದ ನಮ್ಮ ಪಿಜಿಯಲ್ಲಿ ಆ ವಾರ ನಾನೇ ಹೀರೊ. ಎದುರಿನ ದರ್ಶಿನಿಯಲ್ಲಿ ಇಬ್ಬರಿಗೆ ಮಸಾಲೆ ದೋಸೆಯನ್ನೂ ಕೊಡಿಸಿಬಿಟ್ಟಿದ್ದೆ. ಆಮೇಲೆ ಪಟ್ಟಿ ಬಂತು. ನನ್ನ ನೋಂದಣಿ ಸಂಖ್ಯೆ ಅದರಲ್ಲಿ ಇರಲಿಲ್ಲ. ಎರಡು ದಿನ ಬಿಟ್ಟು ಇನ್ನೊಂದು ಪಟ್ಟಿ ಕಣ್ಣಿಗೆ ಬಿತ್ತು. ಅದು ಮೌಲ್ಯಮಾಪನಕ್ಕೆ ಪರಿಗಣಿಸದ ಒಎಂಆರ್ ಹಾಳೆಗಳ ಪಟ್ಟಿ. ಅಲ್ಲಿ ನಾನಿದ್ದೆ. ಕಾರಣದ ಕಾಲಂನಲ್ಲಿ ಒಂದೇ ಸಾಲು: ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ತುಂಬಿಲ್ಲ.

ಒಂದು ವರ್ಷದ ಓದು, ನೂರು ಪ್ರಶ್ನೆ, ಎರಡು ಗಂಟೆ. ಎಲ್ಲವೂ ಒಂದು ಪುಟ್ಟ ವೃತ್ತಕ್ಕೆ ಪೆನ್ನು ಮುಟ್ಟಿಸಲು ಮರೆತದ್ದರಿಂದ ಹೋಯಿತು. ತಪ್ಪು ಯಾರದ್ದೂ ಅಲ್ಲ, ನನ್ನದೇ. ಅದೇ ಹೆಚ್ಚು ಉರಿಯುತ್ತಿತ್ತು. ಪಿಜಿಯವರಿಗೆ, ಊರಲ್ಲಿ ಅಪ್ಪನಿಗೆ, ಎಲ್ಲರಿಗೂ ಒಂದೇ ಸುಳ್ಳು ಹೇಳಿದೆ: 'ಕಟ್‌ಆಫ್ ಈ ಸಲ ಜಾಸ್ತಿ ಆಯ್ತು.' ಓದಿ ಸೋತೆ ಅನ್ನುವುದು ಸಹಿಸಬಹುದಾದ ಮಾತು. ವೃತ್ತ ತುಂಬಲು ಮರೆತೆ ಅನ್ನುವುದನ್ನು ಯಾವ ಬಾಯಿಂದ ಹೇಳುವುದು?

ಜುಲೈ ತಿಂಗಳ ಮ್ಯಾಚು

ನನ್ನ ರೂಮ್‌ಮೇಟ್ ಮಂಗಳೂರು ಕಡೆಯವನು, ಫುಟ್‌ಬಾಲ್ ಹುಚ್ಚ. ಜುಲೈನ ಒಂದು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಪರದೆಯ ಮೇಲೆ ನಾನೆಂದೂ ಕೇಳದ ಎರಡು ಕ್ಲಬ್‌ಗಳ ಹೆಸರು. ಗ್ಯಾಲರಿಯಲ್ಲಿ ನಮ್ಮ ತಾಲ್ಲೂಕು ಕ್ರೀಡಾಕೂಟಕ್ಕೆ ಸೇರುವಷ್ಟು ಜನ.

'ಇದ್ಯಾವ ಮ್ಯಾಚೋ?' ಎಂದೆ.

'ಚಾಂಪಿಯನ್ಸ್ ಲೀಗ್.'

'ಅದು ಮೊನ್ನೆ ಮೊನ್ನೆ ತಾನೇ ಮುಗೀತಲ್ಲ?'

'ಹೋದ ವರ್ಷದ್ದು ಮುಗಿದದ್ದು ಮಾರಾಯಾ. ಇದು ಈ ವರ್ಷದ್ದು. ಕ್ವಾಲಿಫೈಯಿಂಗ್ ರೌಂಡ್. ನಮ್ಮ ಪ್ರಿಲಿಮ್ಸ್ ಇದ್ದ ಹಾಗೆ.'

ನಮಗೆಲ್ಲ ಗೊತ್ತಿರುವ ಚಾಂಪಿಯನ್ಸ್ ಲೀಗ್ ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ. ಆ ಸಂಗೀತ, ಆ ನಕ್ಷತ್ರದ ಚೆಂಡು, ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ. ಆದರೆ ಅದಕ್ಕೂ ಮೊದಲು, ದೊಡ್ಡ ಕ್ಲಬ್‌ಗಳ ಆಟಗಾರರು ರಜೆಯಲ್ಲಿರುವಾಗಲೇ, ಯುರೋಪಿನ ಸಣ್ಣ ಸಣ್ಣ ದೇಶಗಳ ಚಾಂಪಿಯನ್ನರು ಜುಲೈ ಆರಂಭದಿಂದ ಆಡುತ್ತಿರುತ್ತಾರೆ. ಇಂಗ್ಲೆಂಡ್, ಸ್ಪೇನ್, ಜರ್ಮನಿ, ಇಟಲಿಯ ಲೀಗ್‌ಗಳಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದವರಿಗೂ ನೇರ ಪ್ರವೇಶ ಉಂಟು. ಮಾಲ್ಡೋವಾ, ಅರ್ಮೇನಿಯಾ, ಐಸ್‌ಲ್ಯಾಂಡ್‌ನಂಥ ದೇಶದ ಚಾಂಪಿಯನ್ ಮಾತ್ರ ಅರ್ಹತಾ ಸುತ್ತಿನ ಬಾಗಿಲಲ್ಲೇ ನಿಲ್ಲಬೇಕು. ಮೊದಲ ಸುತ್ತಿನಿಂದ ಆಡುವ ಕ್ಲಬ್‌ಗೆ ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲಿ ತವರಿನಲ್ಲೊಂದು, ಎದುರಾಳಿಯ ಊರಲ್ಲೊಂದು. ಒಟ್ಟು ಎಂಟು ಪಂದ್ಯ. 2024ರಿಂದ ಮುಖ್ಯ ಹಂತಕ್ಕೆ 36 ತಂಡಗಳು. ಅವುಗಳಲ್ಲಿ 29 ನೇರವಾಗಿ ಬರುತ್ತವೆ. ಉಳಿದ ಏಳು ಸೀಟಿಗೆ ಇಷ್ಟೆಲ್ಲ ಹೋರಾಟ. ಹುದ್ದೆ ಏಳು, ಅರ್ಜಿ ಲೆಕ್ಕವಿಲ್ಲದಷ್ಟು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ಲವೇ?

ಆ ರಾತ್ರಿ ಮಾತಿನ ನಡುವೆ ಅವನು ಒಂದು ಕಥೆ ಹೇಳಿದ. ನನ್ನನ್ನು ಎದ್ದು ಕೂರಿಸಿದ್ದು ಅದೇ.

6–1 ಇದ್ದದ್ದು 4–4 ಆದ ಕಥೆ

2014. ಚಾಂಪಿಯನ್ಸ್ ಲೀಗ್‌ನ ಮೂರನೇ ಅರ್ಹತಾ ಸುತ್ತು. ಒಂದು ಕಡೆ ಪೋಲೆಂಡಿನ ಲೆಗಿಯಾ ವಾರ್ಸಾ. ಇನ್ನೊಂದು ಕಡೆ ಸ್ಕಾಟ್ಲೆಂಡಿನ ಸೆಲ್ಟಿಕ್. ಸೆಲ್ಟಿಕ್ ಸಾಮಾನ್ಯ ಕ್ಲಬ್ ಅಲ್ಲ. 1967ರಲ್ಲಿ ಯುರೋಪಿಯನ್ ಕಪ್ ಗೆದ್ದ ಮೊದಲ ಬ್ರಿಟಿಷ್ ಕ್ಲಬ್ ಅದು. ಆದರೂ ವಾರ್ಸಾದಲ್ಲಿ ನಡೆದ ಮೊದಲ ಪಂದ್ಯದಲ್ಲಿ ಲೆಗಿಯಾ 4–1ರಿಂದ ಗೆದ್ದಿತು. ಎರಡು ಪೆನಾಲ್ಟಿ ಕಿಕ್ ಹಾಳು ಮಾಡಿಕೊಂಡೂ ನಾಲ್ಕು ಗೋಲು! ಒಂದು ವಾರದ ನಂತರ ಎಡಿನ್‌ಬರೋದಲ್ಲಿ ಎರಡನೇ ಪಂದ್ಯ. ಅಲ್ಲೂ ಲೆಗಿಯಾ 2–0. ಒಟ್ಟು 6–1.

ಎರಡನೇ ಪಂದ್ಯದ ಕೊನೆಯ ಕೆಲವೇ ನಿಮಿಷ ಉಳಿದಿದ್ದಾಗ ಲೆಗಿಯಾ ಒಬ್ಬ ಬದಲಿ ಆಟಗಾರನನ್ನು ಇಳಿಸಿತು. ಹೆಸರು ಬಾರ್ತೋಶ್ ಬೆರೆಶಿನ್ಸ್ಕಿ. ಅವನು ಗೋಲು ಹೊಡೆಯಲಿಲ್ಲ, ಗೋಲು ತಡೆಯಲೂ ಇಲ್ಲ. ಸೆಣಸು ಮುಗಿದಾಗಿತ್ತು, ಸುಮ್ಮನೆ ಇಳಿಸಿದ್ದರು ಅಷ್ಟೆ.

ಹಿಂದಿನ ಋತುವಿನ ಯುರೋಪಾ ಲೀಗ್ ಪಂದ್ಯದಲ್ಲಿ ಕೆಂಪು ಕಾರ್ಡ್ ಪಡೆದಿದ್ದ ಆತನಿಗೆ ಮೂರು ಪಂದ್ಯಗಳ ನಿಷೇಧವಿತ್ತು. ಲೆಗಿಯಾದ ಲೆಕ್ಕ ಸರಳ. ಹಿಂದಿನ ಸುತ್ತಿನಲ್ಲಿ ಐರ್ಲೆಂಡಿನ ಸೇಂಟ್ ಪ್ಯಾಟ್ರಿಕ್ಸ್ ವಿರುದ್ಧದ ಎರಡು ಪಂದ್ಯ, ಸೆಲ್ಟಿಕ್ ವಿರುದ್ಧದ ಮೊದಲ ಪಂದ್ಯ, ಮೂರರಲ್ಲೂ ಅವನು ಹೊರಗೆ ಕೂತಿದ್ದ. ನಿಷೇಧ ಮುಗಿಯಿತು. ಆದರೆ ನಿಯಮ ಬೇರೆಯೇ ಹೇಳುತ್ತಿತ್ತು: ಆಟಗಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿದ್ದರೆ ಮಾತ್ರ ಹೊರಗೆ ಕೂತ ಪಂದ್ಯ ನಿಷೇಧದ ಲೆಕ್ಕಕ್ಕೆ ಸೇರುತ್ತದೆ. ಹೇಗೂ ಆಡುವಂತಿಲ್ಲವಲ್ಲ ಎಂದು ಐರಿಷ್ ತಂಡದ ಎದುರಿನ ಸುತ್ತಿಗೆ ಲೆಗಿಯಾ ಅವನ ಹೆಸರನ್ನೇ ಪಟ್ಟಿಯಲ್ಲಿ ಬರೆದಿರಲಿಲ್ಲ. ಹಾಗಾಗಿ ಅವನು ಅನುಭವಿಸಿದ್ದು ಮೂರು ಪಂದ್ಯದ ಶಿಕ್ಷೆಯಲ್ಲ, ಒಂದೇ ಪಂದ್ಯದ್ದು.

ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಎರಡನೇ ಪಂದ್ಯವನ್ನು ಸೆಲ್ಟಿಕ್ 3–0ರಿಂದ ಗೆದ್ದಂತೆ ಘೋಷಿಸಿತು. ಒಟ್ಟು ಲೆಕ್ಕ 4–4 ಆಯಿತು. ಆ ಕಾಲದಲ್ಲಿ, ಸಮ ಆದಾಗ ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದಕ್ಕೆ ಎಂಬ ನಿಯಮವಿತ್ತು. ವಾರ್ಸಾದಲ್ಲಿ ಸೆಲ್ಟಿಕ್ ಹೊಡೆದಿದ್ದ ಆ ಒಂದೇ ಒಂದು ಗೋಲು, ಸಮಾಧಾನಕ್ಕೆ ಎಂಬಂತಿದ್ದ ಗೋಲು, ಈಗ ಎಲ್ಲವನ್ನೂ ತೀರ್ಮಾನಿಸಿತು. ಲೆಗಿಯಾ ಮೇಲ್ಮನವಿ ಸಲ್ಲಿಸಿತು, ಸೆಲ್ಟಿಕ್‌ಗೆ ಬಹಿರಂಗ ಪತ್ರ ಬರೆಯಿತು, ಕ್ರೀಡಾ ನ್ಯಾಯಮಂಡಳಿಯ ಬಾಗಿಲನ್ನೂ ತಟ್ಟಿತು. ಪ್ರಯೋಜನವಾಗಲಿಲ್ಲ.

ಮೈದಾನದಲ್ಲಿ ಯಾರು ಮೇಲು ಎಂಬುದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಕಾಗದದ ಮೇಲಿನ ಒಂದು ಹೆಸರು ಇಲ್ಲದ್ದಕ್ಕೆ ಕಥೆ ಮುಗಿದಿತ್ತು.

ಅವನು ಇಷ್ಟು ಹೇಳಿ ಮ್ಯಾಚ್ ಕಡೆ ತಿರುಗಿದ. ನಾನು ಗೋಡೆ ನೋಡುತ್ತ ಸ್ವಲ್ಪ ಹೊತ್ತು ಕೂತೆ. ಆಮೇಲೆ ಹೇಳಿಬಿಟ್ಟೆ, 'ನಂದೂ ಕಟ್‌ಆಫ್ ಅಲ್ಲ ಕಣೋ. ವರ್ಷನ್ ಕೋಡ್ ತುಂಬಿರಲಿಲ್ಲ.'

ಅವನು ನಗಲಿಲ್ಲ. ಇಯರ್‌ಫೋನ್ ತೆಗೆದು, 'ಹಾಗಾದರೆ ನಿನಗೆ ಓದು ಬರ್ತದೆ ಅಂತ ಆಯ್ತಲ್ಲ' ಎಂದ.

ಮುಂದೇನಾಯಿತು ಎಂದು ಕೇಳುವುದಿಲ್ಲ

ಕಥೆ ಅಲ್ಲಿಗೇ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಾಗಿದ್ದು ಮರುದಿನ. ಓದುವ ಪುಸ್ತಕ ಪಕ್ಕಕ್ಕಿಟ್ಟು ಮೊಬೈಲ್‌ನಲ್ಲಿ ಲೆಗಿಯಾದ ಹಿಂದೆ ಬಿದ್ದೆ.

ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಸೋತವರು ಹೆಚ್ಚಾಗಿ ಪೂರ್ತಿ ಹೊರಬೀಳುವುದಿಲ್ಲ. ಒಂದು ಮೆಟ್ಟಿಲು ಕೆಳಗಿನ ಟೂರ್ನಿಗೆ ಇಳಿಯುತ್ತಾರೆ. ಲೆಗಿಯಾ ಯುರೋಪಾ ಲೀಗ್‌ಗೆ ಇಳಿಯಿತು. ಅಲ್ಲಿ ಕಜಕಸ್ತಾನದ ಅಕ್ತೊಬೆಯನ್ನು ಸೋಲಿಸಿ ಗುಂಪು ಹಂತ ತಲುಪಿತು, ಗುಂಪಿನಲ್ಲಿ ಮೊದಲ ಸ್ಥಾನವನ್ನೇ ಪಡೆಯಿತು. ಅದೃಷ್ಟದಿಂದ ಮುಂದೆ ಹೋದ ಸೆಲ್ಟಿಕ್ ಏನಾಯಿತು? ಮುಂದಿನ ಸುತ್ತಿನಲ್ಲೇ ಸ್ಲೊವೇನಿಯಾದ ಮಾರಿಬೋರ್ ಎದುರು ಸೋತು ಅದೂ ಕೆಳಗಿಳಿಯಿತು.

ಎರಡು ವರ್ಷದ ನಂತರ, 2016ರಲ್ಲಿ, ಲೆಗಿಯಾ ಮತ್ತೆ ಅರ್ಹತಾ ಸುತ್ತಿಗೆ ಬಂತು. ಈ ಸಲ ಬೋಸ್ನಿಯಾದ ಜ್ರಿನ್ಸ್ಕಿ, ಸ್ಲೊವಾಕಿಯಾದ ಟ್ರೆನ್ಚಿನ್, ಐರ್ಲೆಂಡಿನ ಡಂಡಾಕ್ ಮೂರನ್ನೂ ದಾಟಿ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತ ತಲುಪಿತು. 20 ವರ್ಷಗಳ ನಂತರ ಅಲ್ಲಿಗೆ ಕಾಲಿಟ್ಟ ಪೋಲೆಂಡಿನ ಕ್ಲಬ್ ಅದು. ಆ ವರ್ಷ ಡಾರ್ಟ್‌ಮಂಡ್ ಎದುರು 8–4ರಿಂದ ಸೋತದ್ದೂ ಉಂಟು, ರಿಯಲ್ ಮ್ಯಾಡ್ರಿಡ್ ಜತೆ 3–3 ಡ್ರಾ ಮಾಡಿಕೊಂಡದ್ದೂ ಉಂಟು.

ಅದೇ 2016ರಲ್ಲಿ ಸೆಲ್ಟಿಕ್‌ಗೆ ಇನ್ನೊಂದು ಅನುಭವವಾಯಿತು. ಎರಡನೇ ಅರ್ಹತಾ ಸುತ್ತಿನ ಮೊದಲ ಪಂದ್ಯಕ್ಕೆ ಅವರು ಜಿಬ್ರಾಲ್ಟರ್‌ಗೆ ಹೋದರು. ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ಪುಟ್ಟ ಮೈದಾನ. ಎದುರಾಳಿ ಲಿಂಕನ್ ರೆಡ್ ಇಂಪ್ಸ್. ಲಿಂಕನ್ 1–0ರಿಂದ ಗೆದ್ದಿತು. ಗೋಲು ಹೊಡೆದ ಲೀ ಕ್ಯಾಸಿಯಾರೊ ವೃತ್ತಿಯಲ್ಲಿ ಪೊಲೀಸ್! ನಮ್ಮ ಪಿಜಿಯಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಗೆಳೆಯನಿಗೆ ಈ ಸುದ್ದಿ ಹೇಳಿದಾಗ ಅವನು ತಾನೇ ಗೋಲು ಹೊಡೆದಷ್ಟು ಖುಷಿಪಟ್ಟ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಒಂದು ವಾರದ ನಂತರ ತವರಿನಲ್ಲಿ ಸೆಲ್ಟಿಕ್ 3–0ರಿಂದ ಗೆದ್ದಿತು, ಮುಂದೆ ಗುಂಪು ಹಂತಕ್ಕೂ ಹೋಯಿತು, ಆ ವರ್ಷ ಸ್ಕಾಟ್ಲೆಂಡಿನಲ್ಲಿ ಒಂದೇ ಒಂದು ಪಂದ್ಯ ಸೋಲದೆ ಮೂರೂ ಪ್ರಶಸ್ತಿ ಎತ್ತಿತು. ಮೊದಲ ಪಂದ್ಯದ ಅವಮಾನ ಆ ವರ್ಷದ ಕೊನೆಯ ಮಾತಾಗಲಿಲ್ಲ.

ಎರಡು ಸಲ ಸೋತು ಒಳಗೆ ಹೋದವರು

ನನಗೆ ಅತಿ ಇಷ್ಟವಾದದ್ದು ಮಾತ್ರ ಕ್ಲಾಕ್ಸ್‌ವಿಕ್ ಎಂಬ ಊರಿನ ಕಥೆ. ಉತ್ತರ ಅಟ್ಲಾಂಟಿಕ್ ಸಾಗರದ ನಡುವಿನ ಫ್ಯಾರೊ ದ್ವೀಪಗಳಲ್ಲಿ ಅದಿದೆ. ಇಡೀ ದ್ವೀಪಸಮೂಹದ ಜನಸಂಖ್ಯೆ 50 ಸಾವಿರದ ಆಸುಪಾಸು. ಕ್ಲಾಕ್ಸ್‌ವಿಕ್‌ನಲ್ಲಿ ಇರುವವರು ಸುಮಾರು 5 ಸಾವಿರ. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿ ಎನ್ನಿ. ಅಲ್ಲಿನ ಕೆಐ ಕ್ಲಬ್‌ನ ಹಲವು ಆಟಗಾರರು ಬೇರೆ ಉದ್ಯೋಗ ಮಾಡಿಕೊಂಡೇ ಫುಟ್‌ಬಾಲ್ ಆಡುವವರು.

2023ರ ಮೊದಲ ಅರ್ಹತಾ ಸುತ್ತಿನಲ್ಲಿ ಅವರಿಗೆ ಸಿಕ್ಕಿದ್ದು ಹಂಗೆರಿಯ ಹೆಸರಾಂತ ಫೆರೆನ್ಸ್‌ವಾರೋಶ್. ತವರಿನಲ್ಲಿ 0–0. ಬುಡಾಪೆಸ್ಟ್‌ಗೆ ಹೋಗಿ 3–0ರಿಂದ ಗೆದ್ದರು! ಎರಡನೇ ಸುತ್ತಿನಲ್ಲಿ ಸ್ವೀಡನ್ನಿನ ಚಾಂಪಿಯನ್ ಹೆಕ್ಕೆನ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿದರು. ಮೂರನೇ ಸುತ್ತಿನಲ್ಲಿ ನಾರ್ವೆಯ ಮೋಲ್ಡೆ ವಿರುದ್ಧ ಮೊದಲ ಪಂದ್ಯ ಗೆದ್ದೂ ಎರಡನೆಯದರಲ್ಲಿ ಸೋತರು. ಚಾಂಪಿಯನ್ಸ್ ಲೀಗ್ ಬಾಗಿಲು ಮುಚ್ಚಿತು. ಯುರೋಪಾ ಲೀಗ್ ಪ್ಲೇಆಫ್‌ಗೆ ಇಳಿದರು. ಅಲ್ಲಿ ಮಾಲ್ಡೋವಾದ ಶೆರಿಫ್ ಎದುರು ಮತ್ತೆ ಸೋಲು. ಆ ಬಾಗಿಲೂ ಮುಚ್ಚಿತು. ಆದರೆ ಅಷ್ಟು ದೂರ ಬಂದದ್ದಕ್ಕೇ ಮೂರನೇ ಹಂತದ ಕಾನ್ಫರೆನ್ಸ್ ಲೀಗ್‌ನ ಗುಂಪಿನಲ್ಲಿ ಅವರಿಗೆ ಜಾಗ ಸಿಕ್ಕಿತು. ಯುರೋಪಿನ ಯಾವುದೇ ಟೂರ್ನಿಯ ಗುಂಪು ಹಂತ ತಲುಪಿದ ಮೊದಲ ಫ್ಯಾರೊ ಕ್ಲಬ್ ಎಂಬ ಹೆಸರು ಅವರದಾಯಿತು. ಎರಡು ಸಲ ಸೋತು ಚರಿತ್ರೆ ಬರೆದರು!

ಅವರನ್ನು ಸೋಲಿಸಿದ ಶೆರಿಫ್ ಕೂಡ ಇದೇ ದಾರಿಯಲ್ಲಿ ಬೆಳೆದ ಕ್ಲಬ್. 2021ರಲ್ಲಿ ಮೊದಲ ಸುತ್ತಿನಿಂದ ಶುರು ಮಾಡಿ ಅಲ್ಬೇನಿಯಾ, ಅರ್ಮೇನಿಯಾ, ಸರ್ಬಿಯಾ, ಕ್ರೊಯೇಷಿಯಾದ ಚಾಂಪಿಯನ್ನರನ್ನು ಒಬ್ಬೊಬ್ಬರಾಗಿ ದಾಟಿ ಬಂತು. ಸೆಪ್ಟೆಂಬರ್‌ನಲ್ಲಿ ಮ್ಯಾಡ್ರಿಡ್‌ಗೆ ಹೋಗಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರ ಮನೆಯಲ್ಲೇ 2–1ರಿಂದ ಸೋಲಿಸಿತು. ಎಲ್ಲರೂ ನೋಡಿದ್ದು ಆ ಒಂದು ರಾತ್ರಿಯನ್ನು. ಅದಕ್ಕೂ ಮೊದಲಿನ ಎಂಟು ಪಂದ್ಯ ನೋಡಿದವರು ಎಷ್ಟು ಜನ?

ಕಂಠೀರವದ ಆ ರಾತ್ರಿ

ಇದನ್ನೆಲ್ಲ ಓದುತ್ತಿದ್ದಾಗ ಥಟ್ಟನೆ ಹೊಳೆಯಿತು. ಅರ್ಹತಾ ಸುತ್ತಿನ ಪಂದ್ಯವನ್ನು ನಾನು ಕಣ್ಣಾರೆ ನೋಡಿದ್ದೆ, ಅದು ಅರ್ಹತಾ ಸುತ್ತು ಎಂಬ ಗಮನವೇ ಇಲ್ಲದೆ! ಪದವಿಯ ಮೊದಲ ವರ್ಷದಲ್ಲಿದ್ದಾಗ, 2020ರ ಫೆಬ್ರುವರಿಯಲ್ಲಿ, ಹಾಸ್ಟೆಲ್ ಹುಡುಗರ ಜತೆ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿಳಿದು ಕಂಠೀರವ ಕ್ರೀಡಾಂಗಣಕ್ಕೆ ಹೋಗಿದ್ದೆ. ಎಎಫ್‌ಸಿ ಕಪ್‌ನಲ್ಲಿ ಭೂತಾನಿನ ಪಾರೊ ತಂಡವನ್ನು ಬೆಂಗಳೂರು ಎಫ್‌ಸಿ 9–1ರಿಂದ ಮಣ್ಣು ಮುಕ್ಕಿಸಿತು. ವೆಸ್ಟ್ ಬ್ಲಾಕ್‌ನ ಹಾಡು ಕೇಳಿ ಗಂಟಲು ಕಟ್ಟುವಷ್ಟು ನಾವೂ ಕೂಗಿದ್ದೆವು.

ಎರಡು ವಾರದ ನಂತರ ಮತ್ತೆ ಹೋದೆವು. ಈ ಸಲ ಪ್ಲೇಆಫ್, ಎದುರಾಳಿ ಮಾಲ್ಡೀವ್ಸ್‌ನ ಮಜಿಯಾ. ಮಾಲೆಯ ಮೊದಲ ಪಂದ್ಯದಲ್ಲಿ ನಮ್ಮವರು 1–2ರಿಂದ ಸೋತು ಬಂದಿದ್ದರು. ಇಲ್ಲಿ 3–2ರಿಂದ ಗೆದ್ದರು. ಒಟ್ಟು 4–4. ಹೆಚ್ಚುವರಿ ಸಮಯವೂ ಮುಗಿದು ಪೆನಾಲ್ಟಿ ಶೂಟೌಟ್. ಮಜಿಯಾ 4–3. ಕ್ರೀಡಾಂಗಣ ಸ್ತಬ್ಧ. ಒಂಬತ್ತು ಗೋಲು ಹೊಡೆದ ತಂಡ ಎರಡೇ ವಾರದಲ್ಲಿ ಹೊರಗೆ. ವಾಪಸ್ ಬರುವಾಗ ಮೆಟ್ರೊದಲ್ಲಿ ಯಾರೂ ಮಾತಾಡಲಿಲ್ಲ.

ಈಗ ಹಿಂತಿರುಗಿ ನೋಡಿದರೆ ಆ ಕಥೆಗೂ ಒಂದು ಬಾಲವಿದೆ. ಕೋವಿಡ್‌ನಿಂದಾಗಿ ಆ ವರ್ಷದ ಎಎಫ್‌ಸಿ ಕಪ್ಪೇ ರದ್ದಾಯಿತು. ಗೆದ್ದು ಹೋದ ಮಜಿಯಾಕ್ಕೂ ಟೂರ್ನಿ ಪೂರ್ತಿ ಆಡುವ ಭಾಗ್ಯವಿರಲಿಲ್ಲ. ಮರುವರ್ಷ ಬೆಂಗಳೂರು ಎಫ್‌ಸಿ ಮತ್ತೆ ಅರ್ಹತಾ ಸುತ್ತಿಗೇ ಬಂತು. ನೇಪಾಳದ ತ್ರಿಭುವನ್ ಆರ್ಮಿಯನ್ನು 5–0, ಮಾಲ್ಡೀವ್ಸ್‌ನ ಈಗಲ್ಸ್ ತಂಡವನ್ನು 1–0ರಿಂದ ಸೋಲಿಸಿ ಗುಂಪು ಹಂತಕ್ಕೆ ಹೋಯಿತು. ಎರಡನೆಯ ಆ ಗೆಲುವು ಬಂದದ್ದು ಅದೇ ಮಾಲೆಯಲ್ಲಿ.

ನಮಗೂ ಅವರಿಗೂ ಇರುವ ವ್ಯತ್ಯಾಸ

ಸೋತರೆ ಏನಂತೆ, ಮತ್ತೆ ಎದ್ದೇಳಿ ಎಂದು ಸುಲಭಕ್ಕೆ ಬರೆದುಬಿಡಲು ನನಗೆ ಮನಸ್ಸಿಲ್ಲ. ಕ್ಲಬ್‌ಗೆ ವಯೋಮಿತಿ ಇಲ್ಲ, ನಮಗಿದೆ. ಕ್ಲಬ್‌ಗೆ ಮುಂದಿನ ಜುಲೈ ಖಂಡಿತ ಬರುತ್ತದೆ, ನಮ್ಮ ಅಧಿಸೂಚನೆ ಯಾವಾಗ ಬರುತ್ತದೆ ಎಂದು ಯಾರಿಗೂ ತಿಳಿಯದು. ಪಿಜಿ ಬಾಡಿಗೆ ತಿಂಗಳ ಐದನೇ ತಾರೀಖಿಗೆ ತಪ್ಪದೆ ಬರುತ್ತದೆ. ಸೋತ ಅಭ್ಯರ್ಥಿಯನ್ನು ತಾನಾಗಿಯೇ ಕೆಳಗಿನ ಹಂತದ ಪರೀಕ್ಷೆಗೆ ಇಳಿಸುವ ವ್ಯವಸ್ಥೆಯೂ ನಮ್ಮಲ್ಲಿಲ್ಲ. ಆ ಮೆಟ್ಟಿಲನ್ನು ನಾವೇ ಹುಡುಕಿಕೊಳ್ಳಬೇಕು.

ಆದರೆ ಎರಡು ವಿಷಯ ನನಗೆ ಈ ಸುತ್ತುಗಳಿಂದ ಖಚಿತವಾಯಿತು.

ಒಂದು, ಅರ್ಹತಾ ಸುತ್ತು ಅಳೆಯುವುದು ನೀವು ಎಷ್ಟು ದೊಡ್ಡವರು ಎಂಬುದನ್ನಲ್ಲ. ಆ ದಿನ, ಆ ನಿಯಮಗಳ ಒಳಗೆ, ತಪ್ಪಿಲ್ಲದೆ ದಾಟಿದಿರಾ ಎಂಬುದನ್ನು. ಲೆಗಿಯಾದ ಆರು ಗೋಲು ಕಾಪಾಡದ್ದನ್ನು ಪಟ್ಟಿಯ ಒಂದು ಸಾಲು ಕಾಪಾಡಬಹುದಿತ್ತು. ಹಾಗಾಗಿ ಈಗ ನಾನು ಒಎಂಆರ್ ಹಾಳೆಯನ್ನೂ ಅಭ್ಯಾಸ ಮಾಡುತ್ತೇನೆ. ಪ್ರತಿ ಅಣಕು ಪರೀಕ್ಷೆಗೂ ನಿಜವಾದ ಹಾಳೆಯ ನಕಲು. ಮೊದಲು ನೋಂದಣಿ ಸಂಖ್ಯೆ, ವರ್ಷನ್ ಕೋಡ್, ಸಹಿ. ಬೆರಳಿಟ್ಟು ಓದಿ ನೋಡಿದ ಮೇಲೆಯೇ ಮೊದಲ ಪ್ರಶ್ನೆ. ಕೊನೆಯ ಐದು ನಿಮಿಷವೂ ಅದಕ್ಕೇ ಮೀಸಲು. ಲೆಗಿಯಾ ಎಡವಿದ್ದು ಎಲ್ಲ ಮುಗಿಯಿತು ಅಂದುಕೊಂಡ ಕೊನೆಯ ನಿಮಿಷಗಳಲ್ಲೇ ಅಲ್ಲವೇ? ಅರ್ಜಿ ತುಂಬುವಾಗಲೂ ಅಷ್ಟೆ. ಮೀಸಲಾತಿ ಪ್ರಮಾಣಪತ್ರದ ದಿನಾಂಕ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಹೆಸರು, ಶುಲ್ಕ ಪಾವತಿಯ ರಸೀದಿ, ಎಲ್ಲವನ್ನೂ ರೂಮ್‌ಮೇಟ್ ಒಮ್ಮೆ ನೋಡುತ್ತಾನೆ. ಅವನದನ್ನು ನಾನು ನೋಡುತ್ತೇನೆ. ಇದು ಸಣ್ಣ ಕೆಲಸ ಎಂದು ನಗುವವರು ಲೆಗಿಯಾ ಅಭಿಮಾನಿಗಳನ್ನು ಕೇಳಲಿ.

ಎರಡು, ತಾಂತ್ರಿಕ ತಪ್ಪಿನಿಂದ ಸೋತವರು ಆಟವನ್ನೂ ಮರೆತುಬಿಟ್ಟರೆ ಅದು ಎರಡನೇ ಸೋಲು. ಲೆಗಿಯಾ 6–1 ಆಡಿದ್ದನ್ನು ಮರೆಯಲಿಲ್ಲ. ಅದೇ ಆಟವನ್ನು ಕೆಳಗಿನ ಟೂರ್ನಿಗೆ ಒಯ್ದಿತು. ನಾನೂ ಹಾಗೆಯೇ, 'ಇದು ನನ್ನ ಲೆವೆಲ್ಲಿನದ್ದಲ್ಲ' ಎಂದು ಬಿಟ್ಟಿದ್ದ ಒಂದು ಸಣ್ಣ ಹುದ್ದೆಗೆ ಅರ್ಜಿ ಹಾಕಿದ್ದೇನೆ. ಸಿಕ್ಕರೆ ಕೆಲಸ ಮಾಡುತ್ತಲೇ ಓದುತ್ತೇನೆ, ಕ್ಲಾಕ್ಸ್‌ವಿಕ್‌ನವರ ಹಾಗೆ.

ಉಳಿದದ್ದು ಅಪ್ಪನಿಗೆ ನಿಜ ಹೇಳುವುದು. ಕಳೆದ ತಿಂಗಳು ಊರಿಗೆ ಹೋದಾಗ, ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತಿದ್ದಾಗ ಹೇಳಿದೆ. ವೃತ್ತ, ಕೋಡ್ ಎಲ್ಲ ವಿವರಿಸಿದೆ. ಪೋಲೆಂಡಿನ ಕಥೆ ಹೇಳಲು ಹೋಗಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೈಯುತ್ತಾರೆ ಅಂದುಕೊಂಡೆ.

'ಮೊದ್ಲೇ ಹೇಳದಲ್ವಾ?' ಎಂದರು. ಆಮೇಲೆ, 'ಮುಂದಿನ ಪರೀಕ್ಷೆ ಯಾವಾಗ?'

ತಾರೀಖು ಹೇಳಿದೆ. ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, ಪೆನ್ನಿನಿಂದ ಆ ದಿನದ ಸುತ್ತ ಒಂದು ವೃತ್ತ ಹಾಕಿದರು.